ಬಿಸಿಲಿಗೆ ಚರ್ಮ ಸುಟ್ಟಾಗ ಮನೇಲಿ ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿ ಕಳೀತು ಅಂದ್ರೆ ಸಾಕು, ಈ ಪ್ರಶ್ನೆಗಳು ಶುರು ಆಗ್ತವೆ. ಮಲ್ಪೆಗೋ ಗೋಕರ್ಣಕ್ಕೋ ಹೋಗಿ ಬಂದವರು, ಜಾತ್ರೆ ತೇರು ನೋಡೋಕೆ ಮಧ್ಯಾಹ್ನ ನಿಂತವರು, ಗಾಡಿ ಓಡಿಸಿ ಮೊಣಕೈವರೆಗೆ ಸುಟ್ಕೊಂಡವರು, ಹೊಲದಲ್ಲಿ ದಿನಾ ಬಗ್ಗಿ ಕೆಲಸ ಮಾಡೋರು, ಎಲ್ಲರೂ ಕೇಳೋದು ಹೆಚ್ಚು ಕಮ್ಮಿ ಇವನ್ನೇ. ಸುಲಭದ್ದು ಮೊದಲು, ಗಂಭೀರವಾದ್ದು ಆಮೇಲೆ ಹಾಕಿದೀನಿ. ಈಗ ಮೈ ಉರೀತಾ ಇದ್ರೆ ಸೀದಾ "ಮೊದಲ ದಿನ" ಭಾಗಕ್ಕೆ ಹೋಗಿ, ಉಳಿದಿದ್ದು ನಿಧಾನಕ್ಕೆ ಓದಿ.

## ಮೊದಲು ಗೊತ್ತಿರಬೇಕಾದ್ದು

ನಾವು ಕಪ್ಪಗಿರೋರು, ನಮಗೂ ಸನ್‌ಬರ್ನ್ ಆಗತ್ತಾ? ಅದು ಫಾರಿನ್‌ನವರಿಗೆ ತಾನೆ?

ಆಗತ್ತೆ. ಚರ್ಮದಲ್ಲಿರೋ ಮೆಲನಿನ್ ನಮ್ಮನ್ನ ಸ್ವಲ್ಪ ಕಾಪಾಡತ್ತೆ ನಿಜ, ತೀರಾ ಕಪ್ಪು ಚರ್ಮಕ್ಕೆ ಹುಟ್ಟಿನಿಂದಲೇ ಸುಮಾರು ಎಸ್‌ಪಿಎಫ್ (ಸನ್‌ಸ್ಕ್ರೀನ್ ಮೇಲೆ ಬರೆದಿರೋ ರಕ್ಷಣೆಯ ಅಳತೆ) 13ರಷ್ಟು ರಕ್ಷಣೆ ಇರತ್ತೆ, ಬಿಳಿ ಚರ್ಮಕ್ಕೆ 3ರಷ್ಟು, ನಮ್ಮಲ್ಲಿ ಬಹಳ ಜನ ಇವೆರಡರ ಮಧ್ಯೆ ಎಲ್ಲೋ ಇದೀವಿ. ಅಂದ್ರೆ ಸುಡೋಕೆ ಟೈಮ್ ಜಾಸ್ತಿ ಹಿಡಿಯತ್ತೆ ಅಷ್ಟೇ, ಸುಡೋದೇ ಇಲ್ಲ ಅಂತಲ್ಲ. ನಮ್ಮ ಕಷ್ಟ ಏನಂದ್ರೆ ಬಿಳಿಯರ ತರ ಕೆಂಪಗೆ ಎದ್ದು ಕಾಣಲ್ಲ, ಹಾಗಾಗಿ "ಸ್ವಲ್ಪ ಕಪ್ಪಾದೆ" ಅಂತ ಬಿಟ್ಬಿಡ್ತೀವಿ. ಕಣ್ಣಿಗಿಂತ ಕೈಯನ್ನ ನಂಬಿ. ಆ ಜಾಗ ಮುಟ್ಟಿದ್ರೆ ಪಕ್ಕದ ಚರ್ಮಕ್ಕಿಂತ ಬಿಸಿ ಇದೆಯಾ, ಬಿಗಿಯಾಗಿ ಎಳೆದ ಹಾಗೆ ಇದೆಯಾ, ಬ್ಯಾಗಿನ ಪಟ್ಟಿ ತಾಗಿದ್ರೆ ಚುರ್ ಅನ್ನತ್ತಾ, ಬಿಸಿ ನೀರು ಬಿದ್ರೆ ತಡಿಯೋಕಾಗಲ್ವಾ? ಹಾಗಿದ್ರೆ ಅದು ಸುಟ್ಟಿರೋದೇ.

ಬೀಚಲ್ಲಿ ಇದ್ದಾಗ ಏನೂ ಗೊತ್ತಾಗ್ಲಿಲ್ಲ, ರಾತ್ರಿ ಮಲಗಿದ್ಮೇಲೆ ಬೆನ್ನು ಉರಿ ಶುರುವಾಯ್ತು, ಯಾಕೆ ಹೀಗೆ?

ಯಾಕಂದ್ರೆ ಸುಡೋದು ಬಿಸಿಲಿನ ಶಾಖ ಅಲ್ಲ, ಬಿಸಿಲಲ್ಲಿರೋ ಅಲ್ಟ್ರಾವಯಲೆಟ್ (ಯುವಿ) ಕಿರಣ, ಅದರಲ್ಲೂ ಮುಖ್ಯವಾಗಿ ಯುವಿಬಿ ಅನ್ನೋ ಬಗೆ. ಅದು ಚರ್ಮದ ಜೀವಕೋಶದೊಳಗಿನ ಡಿಎನ್‌ಎಗೆ ಪೆಟ್ಟು ಕೊಡತ್ತೆ, ಆಮೇಲೆ ದೇಹ ಅಲ್ಲಿಗೆ ರಕ್ತ ಜಾಸ್ತಿ ಕಳಿಸಿ ರಿಪೇರಿಗೆ ಇಳಿಯತ್ತೆ, ಆ ಉರಿ ಬಿಸಿ ಊತ ಎಲ್ಲ ಈ ರಿಪೇರಿ ಗಲಾಟೆ. ಇದು ಶುರುವಾಗೋಕೆ 3ರಿಂದ 6 ಗಂಟೆ ಬೇಕು, ತುಂಬಾ ಜೋರಾಗೋದು 12ರಿಂದ 24 ಗಂಟೆ ಒಳಗೆ. ಸಮುದ್ರದ ಹತ್ರ ಗಾಳಿ ತಣ್ಣಗೆ ಬೀಸ್ತಾ ಇರತ್ತೆ, ಮೈ ಒದ್ದೆ ಇರತ್ತೆ, ಬಿಸಿನೇ ಅನ್ಸಲ್ಲ, ಮೇಲಿಂದ ಬರೋ ಕಿರಣ ಸಾಲ್ದು ಅಂತ ಮರಳು ಕೂಡ ಸುಮಾರು 15 ಪರ್ಸೆಂಟ್ ವಾಪಸ್ ಮೈಮೇಲೆ ಎಸೆಯತ್ತೆ. ನೀರೊಳಗೆ ನಿಂತಿದ್ರೂ ತಪ್ಪಿಸ್ಕೊಳ್ಳೋಕಾಗಲ್ಲ, ಅರ್ಧ ಮೀಟರ್ ಆಳದಲ್ಲೂ ಮೇಲಿನ ಯುವಿಯ 40 ಪರ್ಸೆಂಟ್ ಇರತ್ತೆ.

ಟ್ಯಾನ್, ಸನ್‌ಬರ್ನ್, ಬೆವರುಸಾಲೆ ಎಲ್ಲಾ ಒಂದೇನಾ?

ಅಲ್ಲ. ಟ್ಯಾನ್ ಅಂದ್ರೆ ಬಣ್ಣ ಮಾತ್ರ ಬದಲಾಗಿರತ್ತೆ, ನೋವಿರಲ್ಲ. ಸನ್‌ಬರ್ನ್‌ನಲ್ಲಿ ನೋವು, ಬಿಸಿ ಇರತ್ತೆ, ಬಟ್ಟೆ ಮುಚ್ಚಿರೋ ಕಡೆ ಗೆರೆ ಎಳೆದ ಹಾಗೆ ನಿಂತಿರತ್ತೆ. ಬೆವರುಸಾಲೆ ಉಲ್ಟಾ, ಬಟ್ಟೆ ಮುಚ್ಚಿರೋ ಕಡೆನೇ ಬರತ್ತೆ, ಕುತ್ತಿಗೆ ಹಿಂದೆ, ಬೆನ್ನು, ಸೊಂಟದ ಪಟ್ಟಿ ಹತ್ರ, ಸಣ್ಣ ಸಣ್ಣ ಗುಳ್ಳೆ ಮತ್ತೆ ಚುಚ್ಚೋ ತರ ತುರಿಕೆ. ಅದಕ್ಕೆ ಎಣ್ಣೆ, ದಪ್ಪ ಕ್ರೀಮ್ ಹಚ್ಚಿದ್ರೆ ಬೆವರಿನ ರಂಧ್ರ ಇನ್ನೂ ಮುಚ್ಕೊಳತ್ತೆ, ಹಾಗಾಗಿ ಯಾವುದು ಅಂತ ಮೊದಲು ನೋಡ್ಕೊಳ್ಳಿ.

## ಮೊದಲ ದಿನ

ಈಗಷ್ಟೇ ಮನೆಗೆ ಬಂದೆ, ತೋಳು ಕುತ್ತಿಗೆ ಎಲ್ಲಾ ಉರೀತಿದೆ, ಮೊದಲು ಏನ್ ಮಾಡ್ಲಿ?

ನೀರು. ಬೇರೆ ಯಾವ ಮದ್ದೂ ಹುಡುಕೋಕೆ ಹೋಗ್ಬೇಡಿ, ಮೊದಲು ಬಚ್ಚಲಿಗೆ ಹೋಗಿ. ಮಧ್ಯಾಹ್ನ ಓವರ್‌ಹೆಡ್ ಟ್ಯಾಂಕ್ ನೀರು ಕಾದಿರತ್ತೆ, ನಲ್ಲಿ ಬಿಟ್ಟ ತಕ್ಷಣ ಕೆಳಗೆ ನಿಲ್ಬೇಡಿ, ಬಕೆಟ್ಟಲ್ಲಿ ಹಿಡಿದಿಟ್ಟಿದ್ದ ನೀರೋ ಬಾವಿ ನೀರೋ ತಣ್ಣಗಿರೋದು ತಗೊಳ್ಳಿ, 10–15 ನಿಮಿಷ ನಿಧಾನಕ್ಕೆ ಸುರ್ಕೊಳ್ಳಿ. ಸೋಪು ಬೇಡ, ಮೈ ಉಜ್ಜೋ ಬ್ರಷ್ಷು ಕಲ್ಲು ಎಲ್ಲ ಇವತ್ತು ದೂರ ಇಡಿ. ಸಮುದ್ರದಿಂದ ಬಂದಿದ್ರೆ ಉಪ್ಪು ಮತ್ತೆ ಮರಳು ಪೂರ್ತಿ ಹೋಗ್ಬೇಕು, ಇಲ್ಲಾಂದ್ರೆ ಬಟ್ಟೆ ಹಾಕಿದ ತಕ್ಷಣ ಉಜ್ಜಿ ಉಜ್ಜಿ ಇನ್ನೂ ಗಾಯ ಆಗತ್ತೆ.

ಆಮೇಲೆ ಟವಲ್ಲಿಂದ ಒರೆಸ್ಬೇಡಿ, ಹಳೇ ಕಾಟನ್ ಪಂಚೆ ಇದ್ಯಲ್ಲ, ತೊಳೆದು ತೊಳೆದು ಮೆತ್ತಗಾಗಿರೋದು, ಅದನ್ನ ಮೈಮೇಲೆ ಒತ್ತಿ ಒತ್ತಿ ನೀರು ತೆಗೀರಿ, ಚರ್ಮ ಇನ್ನೂ ಸ್ವಲ್ಪ ಒದ್ದೆ ಇರೋವಾಗಲೇ ಲೋಳೆಸರನೋ ವಾಸನೆ ಇಲ್ಲದ ಮಾಮೂಲಿ ಮಾಯಿಶ್ಚರೈಸರ್ರೋ ತೆಳ್ಳಗೆ ಹಚ್ಚಿ. ಅದೇ ಪಂಚೆ ತಣ್ಣೀರಲ್ಲಿ ಅದ್ದಿ ಹಿಂಡಿ ಉರಿಯೋ ಕಡೆ ಹಾಸ್ಕೊಂಡು ಫ್ಯಾನ್ ಕೆಳಗೆ ಕೂತ್ಕೊಳ್ಳಿ, ಬಟ್ಟೆ ಬಿಸಿ ಆದ ತಕ್ಷಣ ಮತ್ತೆ ಅದ್ದಿ. ಸಂಜೆವರೆಗೂ ಆವಾಗಾವಾಗ ಇದನ್ನೇ ಮಾಡ್ತಾ ಇರಿ. ಇಷ್ಟು ಸಪ್ಪೆ ಉತ್ತರ ಕೇಳಿ ಜನಕ್ಕೆ ಬೇಜಾರಾಗತ್ತೆ, ಏನಾದ್ರೂ ಅರೆದು ಹಚ್ಚೋಕೆ ಹೇಳಿ ಅಂತಾರೆ, ಆದ್ರೆ ನಾನು ನೋಡಿದ ಮಟ್ಟಿಗೆ ಮೊದಲ ರಾತ್ರಿ ನಿದ್ದೆ ಬರ್ಸೋದು ಈ ಒದ್ದೆ ಪಂಚೆನೇ.

ಫ್ರಿಜ್ಜಲ್ಲಿ ಐಸ್ ಇದೆ, ಸೀದಾ ಇಟ್ಕೋಬೋದಾ?

ಬೇಡ. ಸುಟ್ಟ ಚರ್ಮಕ್ಕೆ ಐಸ್ ನೇರವಾಗಿ ಇಟ್ರೆ ಜೋಮು ಹಿಡಿದು ಹಾಯ್ ಅನ್ಸತ್ತೆ, ಆದ್ರೆ ಅಲ್ಲಿಗೆ ರಕ್ತ ಹರಿಯೋದು ಕಮ್ಮಿಯಾಗಿ ಇನ್ನೊಂದು ಪೆಟ್ಟು ಬೀಳತ್ತೆ. ಐಸನ್ನ ನೀರಿಗೆ ಹಾಕಿ, ಆ ನೀರಲ್ಲಿ ಬಟ್ಟೆ ಅದ್ಕೊಳ್ಳಿ.

ಮನೆ ಮುಂದೆ ಪಾಟಲ್ಲಿ ಲೋಳೆಸರ ಇದೆ, ಕುಯ್ದು ಹಾಗೇ ಹಚ್ಚಿದೆ, ತುರಿಕೆ ಜಾಸ್ತಿ ಆಯ್ತು, ಯಾಕೆ?

ಬಹುಶಃ ಹಳದಿ ಹಾಲು ಹೋಗೋಕೆ ಬಿಟ್ಟಿರಲ್ಲ. ಬುಡದ ಹತ್ರ ಇರೋ ದಪ್ಪ ಎಲೆ ಕುಯ್ದು ಕಡಿದ ಕಡೆ ಕೆಳಗೆ ಮಾಡಿ ಒಂದು ಲೋಟದಲ್ಲಿ ನಿಲ್ಸಿ ನೋಡಿ, ಹಸಿರು ಸಿಪ್ಪೆಯ ಒಳಗಂಚಿಂದ ಹಳದಿ ರಸ ಸಣ್ಣಗೆ ಇಳಿದು ಲೋಟದ ತಳದಲ್ಲಿ ಕೂರತ್ತೆ, ಮೂಗಿನ ಹತ್ರ ತಂದ್ರೆ ಕಹಿ ಘಾಟು. ಅದರಲ್ಲಿ ಅಲೋಯಿನ್ ಅನ್ನೋ ಪದಾರ್ಥ ಇರತ್ತೆ, ಸುಟ್ಟ ಚರ್ಮಕ್ಕೆ ತುರಿಕೆ ತರೋದು ಈ ರಸಾನೇ. ಹತ್ತು ಹದಿನೈದು ನಿಮಿಷ ಇಳಿಯೋಕೆ ಬಿಡಿ, ಆಮೇಲೆ ಎರಡೂ ಬದಿ ಮುಳ್ಳು ತೆಗೆದು, ಸಿಪ್ಪೆ ಸೀಳಿ, ಒಳಗಿನ ಗಾಜಿನ ತರ ಇರೋ ತಿರುಳು ಮಾತ್ರ ಚಮಚದಲ್ಲಿ ಕೆರೆದು ಒಂದ್ಸಲ ನೀರಲ್ಲಿ ತೊಳೀರಿ. ಫ್ರಿಜ್ಜಲ್ಲಿ ಸ್ವಲ್ಪ ಹೊತ್ತು ಇಟ್ಟು ಹಚ್ಚಿದ್ರೆ ಇನ್ನೂ ಹಿತ. ಮೊದಲು ಮೊಣಕೈ ಒಳಬದಿ ಒಂದು ಚೂರು ಹಚ್ಚಿ ನೋಡ್ಕೊಳ್ಳಿ, ಕೆಲವರಿಗೆ ತಿರುಳೂ ಅಲರ್ಜಿ ಆಗತ್ತೆ.

ಅಂಗಡಿ ಜೆಲ್ ತಗೊಳ್ಳೋರು ಹಿಂದುಗಡೆ ಓದಿ, ಕಡು ಹಸಿರು ಬಣ್ಣ, ಸೆಂಟು, ಆಲ್ಕೋಹಾಲ್ ಇರೋದು ಬೇಡ, ಅದು ಉರಿಸತ್ತೆ. ಲೋಳೆಸರ ಉರಿ ಕಮ್ಮಿ ಮಾಡತ್ತೆ, ಚರ್ಮ ಒಣಗದ ಹಾಗೆ ನೋಡ್ಕೊಳತ್ತೆ, ಅಷ್ಟು ಅದರಿಂದ ನಿರೀಕ್ಷೆ ಮಾಡಿ, ಒಂದೇ ರಾತ್ರಿಲಿ ವಾಸಿ ಮಾಡಲ್ಲ.

ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ, ಅತ್ತೆ ಬೆಣ್ಣೆ ಅಂತಾರೆ, ಯಾರ ಮಾತು ಕೇಳ್ಲಿ?

ಮೊದಲ ದಿನ ಇಬ್ಬರದ್ದೂ ಬೇಡ. ಚರ್ಮ ಇನ್ನೂ ಕಾವು ಹೊರಗೆ ಬಿಡ್ತಾ ಇರತ್ತೆ, ಅದರ ಮೇಲೆ ಎಣ್ಣೆ ತುಪ್ಪ ಬೆಣ್ಣೆ ವ್ಯಾಸಲೀನ್ ಯಾವುದನ್ನ ಬಳಿದ್ರೂ ಬಿಸಿ ಅನ್ನದ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ, ಕಾವು ಒಳಗೇ ಉಳಿಯತ್ತೆ. ಬೆಣ್ಣೆಯಂತೂ ಉಪ್ಪು ಹಾಕಿದ್ದಾದ್ರೆ ಕೇಳೋದೇ ಬೇಡ, ಮನೆಯಲ್ಲಿ ಕಡೆದಿದ್ದಾದ್ರೆ ಸೋಂಕಿನ ಭಯ. ಆದ್ರೆ ಅಜ್ಜಿ ಮಾತು ಪೂರ್ತಿ ತೆಗೆದು ಹಾಕೋದೂ ಬೇಡ. ಎರಡು ಮೂರು ದಿನ ಕಳೆದು ಉರಿ, ಬಿಸಿ ಎರಡೂ ಇಳಿದು ಚರ್ಮ ಒಣಗಿ ಬಿರಿಯೋಕೆ ಶುರುವಾದಾಗ, ಬೊಬ್ಬೆ ಗಾಯ ಏನೂ ಇಲ್ಲಾಂದ್ರೆ, ಸ್ನಾನ ಆದ್ಮೇಲೆ ಶುದ್ಧ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿದ್ರೆ ತುಂಬಾ ಒಳ್ಳೇದು.

ಮೊಸರು, ಸೌತೆಕಾಯಿ, ಗಂಧ, ಮುಲ್ತಾನಿ ಮಿಟ್ಟಿ, ಅರಿಶಿನ: ಇದ್ರಲ್ಲಿ ಯಾವ್ದು ಹಚ್ಬೋದು?

ಸೌತೆಕಾಯಿ ಹಚ್ಬೋದು, ತೊಳೆದು ತುರಿದು ಬಟ್ಟೆಯಲ್ಲಿ ಕಟ್ಟಿ ಇಟ್ಕೊಂಡ್ರೆ ತಂಪು, ಅದರಲ್ಲಿ ಬಹುಪಾಲು ನೀರೇ. ತಣ್ಣನೆ ಮೊಸರು, ಸಕ್ಕರೆ ಉಪ್ಪು ಏನೂ ಹಾಕದ್ದು, ಚರ್ಮ ಒಡೆದಿಲ್ಲಾಂದ್ರೆ ಐದು ಹತ್ತು ನಿಮಿಷ ಹಚ್ಚಿ ತೊಳೀಬೋದು, ಆದ್ರೆ ಹುಳಿ ಮೊಸರು ಚುರುಗುಟ್ಟತ್ತೆ, ಹಚ್ಚಿ ಒಣಗೋಕೆ ಬಿಟ್ರೆ ಚರ್ಮ ಎಳೆಯತ್ತೆ, ಬೊಬ್ಬೆ ಇದ್ರೆ ಮುಟ್ಲೇಬೇಡಿ. ತಣ್ಣನೆ ಹಾಲಲ್ಲಿ ಬಟ್ಟೆ ಅದ್ದಿ ಇಡೋದೂ ಹೀಗೇ.

ಗಂಧ ತೇಯ್ದು ಹಚ್ಚೋದು ನಮ್ಮ ಕಡೆ ಬಹಳ ಹಳೇ ಅಭ್ಯಾಸ. ಒದ್ದೆ ಇರೋವಾಗ ತಂಪು ಅನ್ಸೋದು ನಿಜ, ಆದ್ರೆ ಈಗ ಪ್ಯಾಕೆಟ್ಟಲ್ಲಿ ಬರೋ ಗಂಧದ ಪುಡಿಯಲ್ಲಿ ಸೆಂಟು ಬಣ್ಣ ಎಷ್ಟಿದೆಯೋ ಹೇಳೋಕಾಗಲ್ಲ, ಸುಟ್ಟ ಮೈಗೆ ಅದು ಬೇಡ. ಮುಲ್ತಾನಿ ಮಿಟ್ಟಿ ಮತ್ತೆ ಕಡಲೆಹಿಟ್ಟು ಎರಡೂ ಒಣಗಿ ಚರ್ಮದ ತೇವ ಹೀರ್ಕೊಳತ್ತೆ, ತೆಗೆಯೋವಾಗ ಉಜ್ಜಬೇಕಾಗತ್ತೆ, ಸುಟ್ಟ ಚರ್ಮಕ್ಕೆ ಇದಕ್ಕಿಂತ ಕೆಟ್ಟದ್ದು ಬೇರೆ ಬೇಕಾ? ಅರಿಶಿನವೂ ಬೇಡ, ಕೆಲವರಿಗೆ ಉರಿ ಎಬ್ಬಿಸತ್ತೆ, ಮೇಲಾಗಿ ಹಳದಿ ಬಣ್ಣದ ಕೆಳಗೆ ಚರ್ಮ ಹೇಗಿದೆ ಅಂತ ಕಾಣೋದೂ ಇಲ್ಲ.

ಈ ಪಟ್ಟಿಯಲ್ಲಿ ಇಲ್ಲದ, ಆದ್ರೆ ನಿಜವಾಗಿ ಕೆಲಸ ಮಾಡೋದು ಓಟ್ಸ್. ಸಾದಾ ಓಟ್ಸನ್ನ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ತಣ್ಣೀರಿಗೆ ಕಲಸಿ, ನೀರು ಹಾಲಿನ ತರ ಆಗ್ಬೇಕು, ಅದರಲ್ಲಿ ಬಟ್ಟೆ ಅದ್ದಿ ಇಟ್ಕೊಂಡ್ರೆ ತುರಿಕೆ ಚೆನ್ನಾಗಿ ಇಳಿಯತ್ತೆ.

ನಿಂಬೆಹಣ್ಣು ಉಜ್ಜಿದ್ರೆ ಕಪ್ಪು ಹೋಗತ್ತೆ ಅಂತ ಎಲ್ಲರೂ ಹೇಳ್ತಾರಲ್ಲ?

ದಯವಿಟ್ಟು ಮಾಡ್ಬೇಡಿ, ಇದನ್ನ ನಾನು ಕೈ ಮುಗಿದು ಹೇಳ್ತೀನಿ. ನಿಂಬೆ ಹುಳಿ ಸುಟ್ಟ ಚರ್ಮವನ್ನ ಇನ್ನೂ ಕೊರೆಯತ್ತೆ, ಅದು ಒಂದು ಕಡೆ. ದೊಡ್ಡ ಅಪಾಯ ಬೇರೆ ಇದೆ: ನಿಂಬೆ ಜಾತಿ ಹಣ್ಣಿನ ರಸದಲ್ಲಿ, ಸಿಪ್ಪೆಯಲ್ಲಿ ಬಿಸಿಲು ತಾಗಿದ್ರೆ ಚರ್ಮ ಸುಡೋ ಪದಾರ್ಥಗಳಿವೆ. ರಸ ಮೈಮೇಲೆ ಇದ್ದು ಬಿಸಿಲಿಗೆ ಹೋದ್ರೆ ಒಂದೆರಡು ದಿನದಲ್ಲಿ ಅಷ್ಟಷ್ಟೇ ಜಾಗ ಬೊಬ್ಬೆ ಬಂದು, ಆಮೇಲೆ ರಸ ಹರಿದ ಗೆರೆಯ ಆಕಾರದಲ್ಲೇ ಕಪ್ಪು ಕಲೆ ತಿಂಗಳುಗಟ್ಟಲೆ ಕೂರತ್ತೆ. ಕಪ್ಪು ಹೋಗ್ಲಿ ಅಂತ ಹಚ್ಚಿದ್ದು ಕಪ್ಪನ್ನೇ ಕೂರಿಸತ್ತೆ. ಜ್ಯೂಸಿಗೆ ನಿಂಬೆ ಹಿಂಡಿದ್ರೂ ಕೈ ತೊಳ್ಕೊಂಡೇ ಬಿಸಿಲಿಗೆ ಹೋಗಿ. ಟೂತ್‌ಪೇಸ್ಟ್, ಅಡುಗೆ ಸೋಡಾ, ವಿನೆಗರ್, ಟೊಮೇಟೊ ರಸ ಕೇಳಿದವರಿಗೂ ಇದೇ ಉತ್ತರ, ಬೇಡ.

ಏನ್ ಕುಡೀಬೇಕು? ಎಳನೀರು ಸಾಕಾ?

ಸುಟ್ಟ ಚರ್ಮ ದೇಹದ ನೀರನ್ನ ತನ್ನ ಕಡೆ ಎಳ್ಕೊಳತ್ತೆ, ಮೇಲಿಂದ ಬೆವರಿ ಉಪ್ಪೂ ಹೋಗಿರತ್ತೆ. ನಮ್ಮಲ್ಲಿ ಇದಕ್ಕೆ ಕೊರತೆ ಏನಿಲ್ಲ, ಉಪ್ಪು ಹಾಕಿದ ನೀರು ಮಜ್ಜಿಗೆ, ರಾಗಿ ಅಂಬಲಿ, ಬೆಲ್ಲದ ಪಾನಕ, ಕರಾವಳಿಯವರಿಗೆ ಪುನರ್ಪುಳಿ, ಎಳನೀರು, ಇವೆಲ್ಲ ಒಳ್ಳೇದು. ತಲೆ ಸುತ್ತು, ಸುಸ್ತು ಇದ್ರೆ ಓಆರ್‌ಎಸ್ ಪ್ಯಾಕೆಟ್ ಒಂದು ಲೀಟರ್ ನೀರಿಗೆ ಕಲಸಿ ಕುಡೀರಿ. ಉಚ್ಚೆ ತಿಳಿ ಬಣ್ಣಕ್ಕೆ ಬರೋವರೆಗೂ ಕುಡಿಯೋದು ನಿಲ್ಸ್ಬೇಡಿ. ಕಿಡ್ನಿ ತೊಂದರೆ ಇರೋರು ಎಳನೀರು ಡಾಕ್ಟರ್ ಕೇಳಿಯೇ ಕುಡೀಬೇಕು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಬೀರು ತಂಪು ಅನ್ನೋದು ಸುಳ್ಳು, ನೀರು ಹೊರಗೆ ಹಾಕತ್ತೆ.

## ಎರಡನೇ ದಿನದಿಂದ

ಬೊಬ್ಬೆ ಎದ್ದಿದೆ, ಸೂಜಿಯಲ್ಲಿ ಚುಚ್ಚಿ ನೀರು ತೆಗೀಲಾ?

ಬೇಡ. ಆ ಬೊಬ್ಬೆ ಮೇಲಿನ ಪೊರೆಗಿಂತ ಒಳ್ಳೇ ಬ್ಯಾಂಡೇಜ್ ನಿಮಗೆ ಯಾವ ಮೆಡಿಕಲ್ ಶಾಪಲ್ಲೂ ಸಿಗಲ್ಲ. ತಾನಾಗೇ ಒಡೆದ್ರೆ ಸಾದಾ ನೀರು ಸೋಪಲ್ಲಿ ಮೆಲ್ಲಗೆ ತೊಳೆದು, ಪೊರೆ ಕೀಳದೆ, ವ್ಯಾಸಲೀನ್ ತೆಳ್ಳಗೆ ಸವರಿ, ಅಂಟಿಕೊಳ್ಳದ ಗಾಜ್ ಬಟ್ಟೆ ಸುತ್ತಿ. ಬೊಬ್ಬೆ ಒಡೆದ ಜಾಗಕ್ಕೆ ಲೋಳೆಸರ ಮೊಸರು ಯಾವ ಮನೆಮದ್ದೂ ಹಾಕ್ಬೇಡಿ. ಬಾಳೆ ಎಲೆ ಹಾಸಬೋದಾ ಅಂತ ಕೇಳ್ತಾರೆ, ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸುಟ್ಟ ಗಾಯಕ್ಕೆ ಬಾಳೆ ಎಲೆ ಡ್ರೆಸ್ಸಿಂಗ್ ಬಳಸಿರೋದು ನಿಜ, ಗಾಯಕ್ಕೆ ಅಂಟಲ್ಲ ಅನ್ನೋದೇ ಅದರ ಗುಣ, ಆದ್ರೆ ಅಲ್ಲಿ ಅದನ್ನ ಮಷೀನಲ್ಲಿ ಹಾಕಿ ಕ್ರಿಮಿ ಇಲ್ಲದ ಹಾಗೆ ಮಾಡಿರ್ತಾರೆ, ತೋಟದಿಂದ ಕುಯ್ದು ತಂದಿದ್ದು ಆ ಲೆಕ್ಕಕ್ಕೆ ಬರಲ್ಲ.

ಸಿಪ್ಪೆ ಏಳ್ತಿದೆ, ಸ್ಕ್ರಬ್ ಹಾಕಿ ತೆಗೆದ್ರೆ ಬೇಗ ಹೋಗತ್ತಲ್ಲ?

ಸುಟ್ಟ ನಾಲ್ಕರಿಂದ ಏಳು ದಿನಕ್ಕೆ ಸಿಪ್ಪೆ ಏಳೋದು ಮಾಮೂಲು, ಪೆಟ್ಟು ತಿಂದ ಮೇಲ್ಪದರವನ್ನ ದೇಹ ತಾನೇ ಬಿಸಾಕ್ತಿದೆ. ಎಳೆದ್ರೆ ಕೆಳಗಿನ ಎಳೇ ಚರ್ಮ ಕಿತ್ತು ಬರತ್ತೆ. ಮಾಯಿಶ್ಚರೈಸರ್ ದಿನಕ್ಕೆ ಎರಡು ಮೂರು ಸಲ ಹಚ್ಚಿ, ನೇತಾಡ್ತಿರೋದನ್ನ ಸಣ್ಣ ಕತ್ತರಿಯಲ್ಲಿ ಕತ್ತರಿಸಿ, ತುರಿಕೆಗೆ ಕ್ಯಾಲಮೈನ್ ಲೋಶನ್ ಇದೆ. ಹೊಸ ಚರ್ಮಕ್ಕೆ ಬಿಸಿಲು ತಡೆಯೋ ಶಕ್ತಿ ಕಮ್ಮಿ, ಒಂದೆರಡು ವಾರ ಮುಚ್ಕೊಂಡೇ ಓಡಾಡಿ.

ಉರಿ ಹೋಯ್ತು, ಆದ್ರೆ ಕಪ್ಪು ಹೋಗಿಲ್ಲ, ಮುಂದಿನ ತಿಂಗಳು ಮದುವೆ ಇದೆ, ಮೆಡಿಕಲ್‌ನಲ್ಲಿ ಒಂದು ಕ್ರೀಮ್ ಕೊಟ್ರು, ಹಚ್ಲಾ?

ಮೊದಲು ಟ್ಯೂಬ್ ಮೇಲೆ ಓದಿ. ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಅಂತಿದ್ರೆ ಅದು ಸ್ಟೀರಾಯ್ಡ್, ಚೀಟಿ ಇಲ್ಲದೆ ಮಾರೋ ಹಾಗೇ ಇಲ್ಲ, ಆದ್ರೂ ಮಾರ್ತಾರೆ. ಮೊದಲ ವಾರ ಮುಖ ಬೆಳ್ಳಗಾದ ಹಾಗೆ ಕಾಣತ್ತೆ, ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗಿ, ಕೆಂಪು ನರ ಕಂಡು, ಮೊಡವೆ ಬಂದು, ಬಿಟ್ರೆ ಉರಿ ಶುರುವಾಗಿ, ಬಿಡೋಕೂ ಆಗದ ಸ್ಥಿತಿ ಬರತ್ತೆ. ಚರ್ಮದ ಡಾಕ್ಟರುಗಳ ಹತ್ರ ಇಂಥ ಮುಖಗಳು ದಿನಾ ಬರ್ತವೆ. ಕಪ್ಪು ತಾನಾಗೇ ಹೋಗತ್ತೆ, ಚರ್ಮದ ಮೇಲ್ಪದರ ಪೂರ್ತಿ ಬದಲಾಗೋಕೆ ಹೆಚ್ಚು ಕಮ್ಮಿ ಒಂದು ತಿಂಗಳು ಬೇಕು, ಅದಕ್ಕಿಂತ ಸ್ವಲ್ಪ ಜಾಸ್ತಿನೂ ಆಗ್ಬೋದು, ಆ ಟೈಮಲ್ಲಿ ಮತ್ತೆ ಬಿಸಿಲು ತಾಗದ ಹಾಗೆ ನೋಡ್ಕೊಳ್ಳೋದೇ ಮದ್ದು. ನನಗೆ ಬೇಜಾರಾಗೋದು ಏನಂದ್ರೆ, ಸುಟ್ಟು ಬೊಬ್ಬೆ ಬಂದ ಹುಡುಗಿಗೂ ಮನೆಯವರು ಕೇಳೋ ಮೊದಲ ಪ್ರಶ್ನೆ ನೋವಾ ಅಂತಲ್ಲ, ಬಣ್ಣ ವಾಪಸ್ ಬರತ್ತಾ ಅಂತ.

ನೋವಿಗೆ ಮಾತ್ರೆ ತಗೋಬೋದಾ?

ದೊಡ್ಡವರು ಪ್ಯಾರಾಸಿಟಮಾಲ್ ತಗೋಬೋದು. ಐಬುಪ್ರೊಫೇನ್ ಊತನೂ ಇಳಿಸತ್ತೆ, ಮೊದಲ ದಿನವೇ ಊಟ ಆದ್ಮೇಲೆ ತಗೊಂಡ್ರೆ ಉಪಯೋಗ ಜಾಸ್ತಿ, ಆದ್ರೆ ಅಲ್ಸರ್, ಕಿಡ್ನಿ ತೊಂದರೆ, ಆಸ್ತಮಾ ಇರೋರು, ಬಸುರಿಯರು ಡಾಕ್ಟರ್ ಕೇಳದೆ ಬೇಡ. ಇನ್ನೊಂದು ವಿಷಯ, ಜ್ವರ ಮೈಕೈ ನೋವು ಬಿಸಿಲಿನದ್ದೇ ಅಂತ ಗ್ಯಾರಂಟಿ ಇಲ್ಲದೆ ಡೆಂಗ್ಯೂ ಡೌಟ್ ಇದ್ರೆ ಐಬುಪ್ರೊಫೇನ್, ಆಸ್ಪಿರಿನ್ ಎರಡೂ ಮುಟ್ಬೇಡಿ, ರಕ್ತಸ್ರಾವದ ಅಪಾಯ. ಮಕ್ಕಳಿಗೆ ಆಸ್ಪಿರಿನ್ ಯಾವತ್ತೂ ಬೇಡ.

## ಸ್ವಲ್ಪ ಗಂಭೀರವಾದ್ದು

ಯಾವಾಗ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡ್ಬೇಕು?

ಬೆನ್ನು ಪೂರ್ತಿ ಅಥವಾ ಎರಡೂ ಕಾಲು ಹೀಗೆ ದೊಡ್ಡ ಜಾಗ ಬೊಬ್ಬೆ ಬಂದ್ರೆ, ಮುಖ ಊದಿದ್ರೆ, ಕಣ್ಣು ತೆರೆಯೋಕಾಗದಷ್ಟು ಚುಚ್ತಿದ್ರೆ, ಚಳಿ ಜ್ವರ ವಾಂತಿ ಇದ್ರೆ, ಕೀವು ಬಂದ್ರೆ, ಎರಡು ದಿನ ಆದ್ರೂ ನೋವು ಏರ್ತಾನೇ ಇದ್ರೆ ತೋರಿಸಿ. ವರ್ಷದೊಳಗಿನ ಮಗುವಿಗೆ ಸುಟ್ಟಿದ್ರೆ ಸ್ವಲ್ಪವೇ ಆದ್ರೂ ಕಾಯ್ಬೇಡಿ, ತಣ್ಣೀರು ಬಟ್ಟೆ ಹಾಕ್ಕೊಂಡು ಹಾಲು ಕುಡಿಸ್ತಾ ಕರ್ಕೊಂಡು ಹೋಗಿ. ಬಿಸಿಲಲ್ಲಿದ್ದವರು ಅಸಂಬದ್ಧ ಮಾತಾಡ್ತಿದ್ರೆ, ತೂರಾಡ್ತಿದ್ರೆ, ಮೈ ಕೆಂಡದ ಹಾಗಿದ್ರೆ ಅದು ಹೀಟ್ ಸ್ಟ್ರೋಕ್, ಮೈ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿರತ್ತೆ, ಪ್ರಾಣಕ್ಕೆ ಅಪಾಯ. 108ಕ್ಕೆ ಫೋನ್ ಮಾಡಿ, ಬರೋವರೆಗೂ ನೆರಳಲ್ಲಿ ಮಲಗಿಸಿ ಮೈಗೆಲ್ಲಾ ನೀರು ಸುರೀತಾ ಗಾಳಿ ಹಾಕ್ತಾ ಇರಿ, ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕ್ಬೇಡಿ.

ಮೊದಲೆಲ್ಲಾ ಎಷ್ಟು ಬಿಸಿಲಾದ್ರೂ ಏನೂ ಆಗ್ತಿರ್ಲಿಲ್ಲ, ಈಗ ಹತ್ತು ನಿಮಿಷಕ್ಕೇ ಉರಿಯತ್ತೆ, ಏನಿದು?

ಹೊಸದಾಗಿ ಯಾವ ಮಾತ್ರೆ ಶುರು ಮಾಡಿದೀರಿ ಅಂತ ನೋಡ್ಕೊಳ್ಳಿ. ಮೊಡವೆಗೂ ಜ್ವರಕ್ಕೂ ಕೊಡೋ ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡೋ ಹೈಡ್ರೋಕ್ಲೋರೋಥಯಾಜೈಡ್, ನೋವಿನ ನೆಪ್ರಾಕ್ಸಿನ್, ಮೊಡವೆಯ ಐಸೊಟ್ರೆಟಿನೋಯಿನ್, ಇವೆಲ್ಲ ಚರ್ಮವನ್ನ ಬಿಸಿಲಿಗೆ ನಾಜೂಕು ಮಾಡ್ತವೆ. ತೊನ್ನಿಗೆ ಅಂತ ಬಾವಂಚಿ ಬೀಜದ ಎಣ್ಣೆ ಹಚ್ಚೋರು ಇನ್ನೂ ಹುಷಾರಾಗಿರ್ಬೇಕು, ಅದರಲ್ಲಿರೋ ಸೊರಾಲೆನ್ ಕೆಲಸ ಮಾಡೋದೇ ಬಿಸಿಲಿನ ಜೊತೆ ಸೇರಿ, ಅಳತೆ ತಪ್ಪಿದ್ರೆ ದೊಡ್ಡ ಬೊಬ್ಬೆ. ಮಾತ್ರೆ ನಿಮ್ಮಷ್ಟಕ್ಕೇ ನಿಲ್ಸ್ಬೇಡಿ, ಡಾಕ್ಟರಿಗೆ ಹೇಳಿ. ಮಾತ್ರೆ ಏನೂ ಇಲ್ಲದೆ ಕೆನ್ನೆ ಮೂಗಿನ ಮೇಲೆ ಮತ್ತೆ ಮತ್ತೆ ಹೀಗಾಗಿ ಕೀಲು ನೋವೂ ಇದ್ರೆ ತಡ ಮಾಡದೆ ತೋರಿಸಿ, ಲೂಪಸ್ ಅಂಥ ಕಾಯಿಲೆ ಇರ್ಬೋದು.

ಬೆಂಗಳೂರು ತಣ್ಣಗೇ ಇರತ್ತಲ್ಲ, ಮೋಡ ಬೇರೆ, ಇಲ್ಲೂ ಸುಡತ್ತಾ?

ಸುಡತ್ತೆ. ಬೆಂಗಳೂರು ಇರೋದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲೆ, ಸಾವಿರ ಮೀಟರ್ ಏರಿದ್ರೆ ಯುವಿ ಹತ್ತು ಪರ್ಸೆಂಟ್ ಹತ್ರ ಏರತ್ತೆ, ಬೇಸಿಗೆ ಮಧ್ಯಾಹ್ನ ಯುವಿ ಇಂಡೆಕ್ಸ್ (ಯುವಿ ಎಷ್ಟು ಜೋರಿದೆ ಅನ್ನೋ ಅಳತೆ) 11 ದಾಟೋದು ಇಲ್ಲಿ ಮಾಮೂಲು. ತೆಳು ಮೋಡ ಬಹುಪಾಲು ಯುವಿಯನ್ನ ಬಿಟ್ಟುಬಿಡತ್ತೆ. ಮೊಬೈಲ್ ನೋಡ್ಬೇಕಂತಿಲ್ಲ, ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ರೆ ಬಿಸಿಲು ಸುಡೋ ಬಿಸಿಲು. ಕಾರಿನ ಪಕ್ಕದ ಗಾಜು ಯುವಿಬಿ ತಡೆಯತ್ತೆ, ಯುವಿಎ ಅನ್ನೋ ಇನ್ನೊಂದು ಬಗೆಯನ್ನ ಒಳಗೆ ಬಿಡತ್ತೆ, ಡ್ರೈವಿಂಗ್ ಮಾಡೋರ ಬಲಗೈ ಎಡಗೈಗಿಂತ ಕಪ್ಪಗಿರೋದು ಇದಕ್ಕೇ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗಿರೋ ನಮ್ಮವರು ಇನ್ನೂ ಜಾಗ್ರತೆ, ಅಲ್ಲಿ ಬೇಸಿಗೆ ಯುವಿ ತುಂಬಾ ಕಠಿಣ, ಡಿಸೆಂಬರ್ ಜನವರಿಯೇ ಅಲ್ಲಿಯ ಬೇಸಿಗೆ.

ನಾವು ಹೊಲದಲ್ಲಿ ಕೆಲಸ ಮಾಡೋರು, ಸೈಟಲ್ಲಿ ಕೆಲಸ ಮಾಡೋರು, ಸನ್‌ಸ್ಕ್ರೀನ್‌ಗೆ ದುಡ್ಡೆಲ್ಲಿಂದ ತರೋಣ?

ಬಟ್ಟೆಯೇ ನಿಮ್ಮ ಸನ್‌ಸ್ಕ್ರೀನ್. ಸರಿಯಾಗಿ ಹಚ್ಚಬೇಕು ಅಂದ್ರೆ ಮುಖ ಕುತ್ತಿಗೆಗೇ ಎರಡು ಬೆರಳುದ್ದ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಬೇಕು, ಬೆವರಲ್ಲಿ ನಿಲ್ಲೋದೂ ಕಷ್ಟ, ದಿನಾ ಬಿಸಿಲಲ್ಲಿ ಇರೋರಿಗೆ ಇದು ನಡೆಯೋ ಮಾತಲ್ಲ ಅಂತ ನನಗೂ ಗೊತ್ತು. ಒತ್ತಾಗಿ ನೇಯ್ದ, ಬೆಳಕಿಗೆ ಹಿಡಿದ್ರೆ ಆಚೆ ಕಾಣದ ತುಂಬುತೋಳಿನ ಕಾಟನ್ ಅಂಗಿ, ಸ್ವಲ್ಪ ಗಾಢ ಬಣ್ಣದ್ದು, ಸಡಿಲ ಇರ್ಲಿ. ಸವೆದು ಜಾಳಾಗಿರೋ ಬನಿಯನ್ ಕಿರಣ ತಡೆಯಲ್ಲ, ಒದ್ದೆಯಾದ್ರೆ ಇನ್ನೂ ಕಮ್ಮಿ. ಮುಟ್ಟಾಳೆ (ಅಡಿಕೆ ಹಾಳೆಯ ಟೋಪಿ) ಇಟ್ಕೊಳ್ಳೋರು ಅದರ ಕೆಳಗೆ ಒಂದು ಟವಲ್ ಹಾಕಿ ಹಿಂದಕ್ಕೆ ಇಳಿಬಿಡಿ, ಮುಟ್ಟಾಳೆ ನೆತ್ತಿ ಕಾಯತ್ತೆ, ಕಿವಿ ಕುತ್ತಿಗೆ ಕಾಯಲ್ಲ, ಬಗ್ಗಿ ಕಳೆ ಕೀಳೋರಿಗೆ ಸುಡೋದು ಅದೇ ಕುತ್ತಿಗೆ ಹಿಂಭಾಗ. ಕೆಲಸದ ಟೈಮ್ ಕೈಯಲ್ಲಿದ್ರೆ ಬೆಳಿಗ್ಗೆ ಬೇಗ ಶುರು ಮಾಡಿ 11ರೊಳಗೆ ನೆರಳಿಗೆ ಬನ್ನಿ, ಮತ್ತೆ ನಾಲ್ಕರ ಮೇಲೆ ಇಳೀರಿ. ಕೂಲಿಗೆ ಕರೆಯೋರು ಈ ಬಿಡುವನ್ನ ಕೂಲಿ ಕಡಿಯದೆ ಕೊಡ್ಬೇಕು, ಬಿಂದಿಗೆ ನೀರು ನೆರಳಲ್ಲಿ ಇಡಿಸ್ಬೇಕು.